ಇಳಿಸಿದ ಕೈಯನ್ನು ಯಾರೂ ನೋಡಲಿಲ್ಲ

ಕಲ್ಲು ಬಂದು ಹಣೆಗೆ ಬಡಿದಾಗ ಎತೆರಿಗೆ ನೋವಿಗಿಂತ ಮೊದಲು ಆಶ್ಚರ್ಯವಾಯಿತು.

ಐದು ವರ್ಷದ ಮಗುವಿನ ಕೈಯಲ್ಲಿ ಇಷ್ಟು ಬಲವೇ!

ಆಮೇಲೆ ಎಡಗಣ್ಣಿನ ಮೇಲೆ ಬೆಚ್ಚಗೆ ಏನೋ ಇಳಿಯಿತು. ಮುಟ್ಟಿ ನೋಡಿದಳು. ರಕ್ತ.

ಶಿಶುವಿಹಾರದ ಅಂಗಳದಲ್ಲಿದ್ದ ಮಕ್ಕಳೆಲ್ಲ ಆಟ ಬಿಟ್ಟು ತಿರುಗಿ ನೋಡಿದರು. ಮರಳುಗುಂಡಿಯ ಆಚೆ ತೊಮ್ಕೆ ನಿಂತಿದ್ದಳು. ಬೆಳ್ಳನೆಯ ಕೂದಲು, ಕೆಂಪು ಬೂಟು, ಕೈಯಲ್ಲಿ ಇನ್ನೊಂದು ಕಲ್ಲು.

"ನಿನ್ ಜೊತೆ ಮನೆಗೆ ಬರಲ್ಲ! ನೀನು ನಮ್ಮೋಳಲ್ಲ! ಹೋಗು ನಿನ್ನೂರಿಗೆ!"

ಎರಡನೇ ಕಲ್ಲು ಹಾರುವ ಮೊದಲೇ ಯಾರೋ ಬಂದು ಆ ಪುಟ್ಟ ಮುಷ್ಟಿಯ ಮುಂದೆ ಅಂಗೈ ಚಾಚಿದರು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ಸೊಂಟಕ್ಕೆ ಕೋಳಿಮರಿಗಳ ಚಿತ್ರವಿದ್ದ ಏಪ್ರನ್. ಬೆರಳಿಗೆಲ್ಲ ಹಸಿರು ಬಣ್ಣ.

"ತೊಮ್ಕೆ, ಅದನ್ನ ನಂಗೆ ಕೊಡ್ತೀಯಾ?"

"ಕೊಡಲ್ಲ!"

"ಸರಿ. ಕೊಡೋವರೆಗೂ ನಾನಿಲ್ಲೇ ಕೂತಿರ್ತೀನಿ. ಮಧ್ಯಾಹ್ನದ ಊಟ ಇಬ್ಬರಿಗೂ ಇಲ್ಲ."

ಅವನು ನಿಜವಾಗಿಯೂ ನೆಲದ ಮೇಲೆ ಕೂತುಬಿಟ್ಟ. ಮಗು ಅವನನ್ನೇ ದಿಟ್ಟಿಸಿತು. ಸ್ವಲ್ಪ ಹೊತ್ತಿಗೆ ಕಲ್ಲು ಅವನ ಅಂಗೈಗೆ ಬಿತ್ತು.

ಆಮೇಲೆ ಅವನು ಒದ್ದೆ ಟವೆಲ್ ತಂದು ಎತೆರಿಯ ಹಣೆಗೆ ಒತ್ತಿ ಹಿಡಿದ.

"ನಾನು ಐಲರ್ಟ್. ಇಲ್ಲಿನ ಮೇಷ್ಟ್ರು. ಹೊಲಿಗೆ ಹಾಕಿಸ್ಬೇಕು ಅನ್ಸುತ್ತೆ. ಅಳ್ಬೇಕು ಅನ್ಸಿದ್ರೆ ಒಳಗೆ ಕೋಣೆ ಇದೆ."

"ನಾನ್ಯಾಕೆ ಅಳಲಿ? ನಮ್ಮೂರಲ್ಲಿ ನನ್ನ ತಮ್ಮಂದಿರು ಇದಕ್ಕಿಂತ ದೊಡ್ಡ ಕಲ್ಲು ಹೊಡೀತಿದ್ರು."

ಅವನು ನಕ್ಕುಬಿಟ್ಟ. "ತೊಮ್ಕೆ ಮನೆಗೆ ಬಂದ ನಾಲ್ಕನೇ ಹುಡುಗಿ ನೀವು. ಮೊದಲನೆಯವಳು ಹನ್ನೊಂದೇ ದಿನಕ್ಕೆ ಓಡಿಹೋದ್ಲು."

"ನಾನು ಓಡೋಳಲ್ಲ," ಎಂದಳು ಎತೆರಿ.

ರಕ್ತ ಮೆತ್ತಿದ ಆ ಮುಖವನ್ನು ಅವನು ಬೇಕಿದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ. ಅವಳೂ ನೋಡಿದಳು. ಅಯ್ಯೋ, ಇದೇನಿದು? ಹಣೆ ಒಡೆದಿದೆ, ಎದೆ ಯಾಕೆ ಹೀಗೆ ಹೊಡ್ಕೊಳ್ತಿದೆ...!

* * *

ಎತೆರಿ ಜಾರ್ಜಿಯಾ ದೇಶದ ಕುತಾಯಿಸಿಯವಳು. ವಯಸ್ಸು ಇಪ್ಪತ್ತೆರಡು. ಜರ್ಮನಿಯ ಈ ಕಡಲತೀರದ ಊರಿಗೆ ಓಪೇರ್ ಆಗಿ ಬಂದು ನಾಲ್ಕು ದಿನವಾಗಿತ್ತು. ಮನೆಮಗಳಂತೆ ಇರಬೇಕು, ಮಗುವನ್ನು ನೋಡಿಕೊಳ್ಳಬೇಕು, ವರ್ಷದೊಳಗೆ ಭಾಷೆ ಕಲಿಯಬೇಕು... ಒಪ್ಪಂದದ ಕಾಗದದಲ್ಲಿ ಹಾಗೆ ಬರೆದಿತ್ತು.

ಮನೆಯ ಯಜಮಾನ ಮೆನ್ನೊ, ತೊಮ್ಕೆಯ ಅಪ್ಪ. ದೋಣಿ ರಿಪೇರಿ ಮಾಡುವವನು, ಊರಿನ ಬೆಂಕಿ ಆರಿಸುವ ದಳದ ಮುಖಂಡ. ಬೀದಿಯಲ್ಲಿ ಅವನು ಕಂಡರೆ ನಾಯಿಗಳೂ ಬಾಲ ಅಲ್ಲಾಡಿಸುತ್ತಿದ್ದವು. ಎತೆರಿಯ ಹಣೆಯ ಪಟ್ಟಿ ನೋಡಿ ಅವನು ಹೊಟ್ಟೆ ಹಿಡಿದು ನಕ್ಕ.

"ಏನಮ್ಮಾ ಪರ್ವತದ ರಾಣಿ! ಬಂದ ವಾರಕ್ಕೇ ಕಿರೀಟ ಸಿಕ್ತಲ್ಲ!"

ಅವನ ಹೆಂಡತಿ ಹಿಲ್ಕೆ ಆಸ್ಪತ್ರೆಯಲ್ಲಿ ನರ್ಸ್. ಮೆಲುದನಿ. ಸೆಪ್ಟೆಂಬರಿನ ಬೆಚ್ಚನೆಯ ದಿನಗಳಲ್ಲೂ ಮಣಿಕಟ್ಟಿನವರೆಗೆ ಮುಚ್ಚುವ ತುಂಬುತೋಳಿನ ಅಂಗಿ. ಅವಳು ನಗಲಿಲ್ಲ. ಪಟ್ಟಿಯನ್ನು ಬಿಚ್ಚಿ, ಔಷಧಿ ಹಚ್ಚಿ, ಮತ್ತೆ ಕಟ್ಟಿದಳು. ಗಾಯಗಳ ಅಭ್ಯಾಸವಿದ್ದ ಕೈ ಅದು. ನರ್ಸ್ ಅಲ್ಲವೇ, ಎಂದುಕೊಂಡಳು ಎತೆರಿ.

ಆ ಭಾನುವಾರ ಚಹಾದ ಹೊತ್ತು. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ, ಅದರ ಮೇಲೆ ಸುಡುವ ಚಹಾ, ಅಂಚಿನಿಂದ ಒಂದು ಚಮಚ ಕೆನೆ. ಎತೆರಿ ಚಮಚ ತೆಗೆದುಕೊಂಡು ಕಲಕಲು ಹೋದಳು.

ಮೆನ್ನೊನ ಕೈ ಅವಳ ಮಣಿಕಟ್ಟನ್ನು ಹಿಡಿಯಿತು.

"ಕಲಕಬಾರದು."

ಅವನ ತುಟಿಯ ಮೇಲಿನ ನಗು ಹಾಗೇ ಇತ್ತು. ಆದರೆ ಹಿಡಿತ ಬಿಗಿಯಾಗುತ್ತ ಹೋಯಿತು. ಎಲುಬಿನವರೆಗೆ ನೋವು ಇಳಿಯಿತು. ಚಮಚ ಟಣ್ ಎಂದು ತಟ್ಟೆಗೆ ಬಿತ್ತು.

"ನಮ್ಮ ಮನೆಯಲ್ಲಿ ಕಲಕಲ್ಲ. ಅಲ್ವಾ ಹಿಲ್ಕೆ?"

"ಹೌದು," ಎಂದಳು ಹಿಲ್ಕೆ, ಬಟ್ಟಲನ್ನೇ ನೋಡುತ್ತ.

ತೊಮ್ಕೆ ಮೇಜಿನ ಕೆಳಗೆ ಇಳಿದು ಕೂತಿದ್ದಳು. ಯಾರೂ ಅವಳನ್ನು ಮೇಲೆ ಕರೆಯಲಿಲ್ಲ.

ತಮಾಷೆಗೆ ಹಿಡಿದಿರಬೇಕು... ಇಲ್ಲಿನವರ ತಮಾಷೆ ಒರಟೇನೋ... ಎಂದು ಎತೆರಿ ತನಗೆ ತಾನೇ ಹೇಳಿಕೊಂಡಳು. ಬಂದು ವಾರವೂ ಆಗಿಲ್ಲ. ಊರು ಹೊಸದು, ಮಾತು ಹೊಸದು, ಗಾಳಿಯೂ ಹೊಸದು. ಯಾರನ್ನು ಕೇಳುವುದು?

* * *

ಮಗು ಅವಳನ್ನು ಒದೆಯಿತು. ಕಚ್ಚಿತು. ತಟ್ಟೆ ಎಸೆಯಿತು. ಒಮ್ಮೆ ಬಾಗಿಲ ಸಂದಿಗೆ ಅವಳ ಬೆರಳು ಸಿಕ್ಕಿಸಿ ಬಾಗಿಲು ಎಳೆಯಿತು. ಉಗುರು ಕಪ್ಪಾಗಿ ಉದುರಿತು.

ಎತೆರಿ ಕೂಗಿದಳು, ಬೈದಳು, ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತಳು. ಆದರೆ ಓಡಲಿಲ್ಲ. ಒಂದು ದಿನ ಚೀಸ್ ತುಂಬಿ ರೊಟ್ಟಿ ಸುಡುತ್ತಿದ್ದಾಗ ತೊಮ್ಕೆ ಬಂದು ಪಕ್ಕದಲ್ಲಿ ನಿಂತಳು. ಹಿಟ್ಟಿನ ಒಂದು ಚೂರು ಕಿತ್ತುಕೊಂಡಳು. ಅದನ್ನು ಎಸೆಯಲಿಲ್ಲ, ನಾದಿದಳು.

"ಇದು ಮೊಲ," ಎಂದಳು.

"ಕಿವಿ ಎಲ್ಲಿ?"

"ಅದಕ್ಕೆ ಕಿವಿ ಇಲ್ಲ. ಅದಕ್ಕೆ ಏನೂ ಕೇಳ್ಸಲ್ಲ. ಅದಕ್ಕೇ ಅದು ಚೆನ್ನಾಗಿದೆ."

ಎತೆರಿ ರೊಟ್ಟಿ ಬಿಟ್ಟು ಮಗುವಿನ ಮುಖ ನೋಡಿದಳು.

ಸಂಜೆಗಳಲ್ಲಿ ಕಡಲೊಡ್ಡಿನ ಮೇಲೆ ಐಲರ್ಟ್ ಸಿಗುತ್ತಿದ್ದ. ಶಿಶುವಿಹಾರ ಮುಗಿಸಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ, ಮೂವರೂ ಅಲ್ಲಿ ಮೇಯುವ ಕುರಿಗಳ ನಡುವೆ ನಡೆಯುತ್ತಿದ್ದರು. ತೊಮ್ಕೆ ಮುಂದೆ ಓಡಿ ಗಾಳಿಗೆ ಬೈಯುತ್ತಿದ್ದಳು. ಇವನು ಎತೆರಿಯ ತಪ್ಪು ವ್ಯಾಕರಣ ತಿದ್ದುತ್ತಿದ್ದ.

"ನೀವು ಇಷ್ಟು ದೊಡ್ಡ ಆಳು, ಮಕ್ಕಳ ಮೂಗು ಒರೆಸೋ ಕೆಲಸ ಯಾಕೆ ಹಿಡಿದ್ರಿ?"

"ನನ್ನಪ್ಪನೂ ಹಾಗೇ ಕೇಳ್ತಾರೆ. ಅವರದ್ದು ಸಿಗಡಿ ದೋಣಿ. ನಂಗೆ ದೋಣಿ ಹತ್ತಿದ್ರೆ ವಾಂತಿ."

"ಕಡಲ ಮಗನಿಗೆ ವಾಂತಿಯಾ!" ಎಂದು ಅವಳು ನಕ್ಕು ನಕ್ಕು ಹುಲ್ಲಿನ ಮೇಲೆ ಕೂತಳು.

ಅಕ್ಟೋಬರಿನ ಒಂದು ಭಾನುವಾರ ಊರವರ ಗುಂಡಾಟವಿತ್ತು. ಭಾರದ ಗುಂಡನ್ನು ರಸ್ತೆಯುದ್ದಕ್ಕೂ ಉರುಳಿಸುತ್ತ ಹೋಗುವುದು, ಹಿಂದೆ ಕೈಗಾಡಿಯಲ್ಲಿ ಸಾರಾಯಿ. ಮೆನ್ನೊ, ಐಲರ್ಟ್ ಒಂದೇ ತಂಡ. ಎತೆರಿ ಎಸೆದ ಗುಂಡು ನೇರ ಕಾಲುವೆಗೆ ಬಿತ್ತು, ಜೊತೆಗೆ ಅವಳೂ! ಐಲರ್ಟ್ ಸೊಂಟದವರೆಗೆ ಕೆಸರಿಗಿಳಿದು ಅವಳನ್ನು ಎತ್ತಿದ. ದಡ ಸೇರಿದ ಮೇಲೂ ಕೈ ಬಿಡುವುದನ್ನು ಇಬ್ಬರೂ ಮರೆತರು.

"ಬಿಡ್ರಪ್ಪಾ, ಅವಳಿನ್ನು ಮುಳುಗಲ್ಲ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಮೆನ್ನೊ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಕಣ್ಣು ಮಾತ್ರ ನಗಲಿಲ್ಲ.

ಮನೆಯ ಹುಡುಗಿ ಹೊರಗೆ ಸ್ನೇಹ ಬೆಳೆಸುವುದು ಅವನಿಗೆ ಬೇಕಿರಲಿಲ್ಲ. ಸ್ನೇಹ ಇದ್ದ ಕಡೆ ಮಾತು ಹೊರಡುತ್ತದೆ.

ಅದು ಎತೆರಿಗೆ ಹೊಳೆಯಲಿಲ್ಲ. ಅವಳು ಆಗ ಒಂದೇ ವಿಷಯ ಯೋಚಿಸುತ್ತಿದ್ದಳು... ಅವನ ಕೈ ಎಷ್ಟು ಬೆಚ್ಚಗಿತ್ತು!

* * *

ನವೆಂಬರಿನ ಆ ಮಧ್ಯಾಹ್ನ ಹಿತ್ತಲಿನಿಂದ ವಿಚಿತ್ರ ಚೀರಾಟ ಕೇಳಿ ಎತೆರಿ ಓಡಿದಳು.

ಸಾಕಿದ ಮೊಲದ ಗೂಡಿನ ಬಾಗಿಲು ತೆರೆದಿತ್ತು. ತೊಮ್ಕೆ ಸಲಿಕೆಯ ಹಿಡಿಯಿಂದ ಮೊಲವನ್ನು ಬಡಿಯುತ್ತಿದ್ದಳು. ಅದರ ಹಿಂಗಾಲು ಮುರಿದು ಜೋತಾಡುತ್ತಿತ್ತು. ಬಿಳಿ ತುಪ್ಪಳ ಕೆಂಪಾಗಿತ್ತು.

"ಸುಮ್ನಿರು ಅಂದ್ರೆ ಸುಮ್ನಿರ್ಬೇಕು! ನೀನೇ ಮಾಡಿಸ್ಕೊಂಡಿದ್ದು! ನಿನ್ನಿಂದ್ಲೇ!"

"ತೊಮ್ಕೆ! ಬಿಡು!"

ಮಗು ತಿರುಗಿ ಸಲಿಕೆ ಬೀಸಿತು. ಎತೆರಿಯ ಮೊಣಕಾಲಿಗೆ ಬಿತ್ತು. ಎರಡು ತಿಂಗಳ ಕಡಿತ, ಒದೆತ, ರಕ್ತ ಎಲ್ಲ ಒಮ್ಮೆಲೇ ನೆತ್ತಿಗೇರಿತು. ಅವಳ ಕೈ ತಾನಾಗಿಯೇ ಮೇಲೆದ್ದಿತು.

ತೊಮ್ಕೆ ಕೂಗಲಿಲ್ಲ. ಓಡಲಿಲ್ಲ. ಸಲಿಕೆ ಕೆಳಗಿಟ್ಟಳು. ಕುಕ್ಕರುಗಾಲಲ್ಲಿ ಕೂತು, ತಲೆಯನ್ನು ಮಂಡಿಗಳ ನಡುವೆ ಇಟ್ಟು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಆಮೇಲೆ ಕಾದಳು.

ಪಾಠ ಒಪ್ಪಿಸುವ ಮಗುವಿನಷ್ಟು ಅಚ್ಚುಕಟ್ಟಾಗಿ.

ಎತೆರಿಯ ಕೈ ಗಾಳಿಯಲ್ಲೇ ನಿಂತಿತು. ದೇವರೇ... ಇದು ಕಲಿತದ್ದು. ಯಾರೋ ಈ ಮಗುವಿಗೆ ಹೀಗೆ ಕೂರುವುದನ್ನು ಕಲಿಸಿದ್ದಾರೆ!

ಕೈ ಇಳಿಯಿತು. ಅವಳು ಕೆಸರಲ್ಲೇ ಮಂಡಿಯೂರಿ ಮಗುವನ್ನು ಅಪ್ಪಿಕೊಂಡಳು. ಜಾರಿದ ಸ್ವೆಟರಿನ ಕೆಳಗೆ ತೋಳಿನ ಮೇಲೆ ಐದು ಬೆರಳಿನ ನೀಲಿ ಗುರುತು ಕಂಡಿತು. ದೊಡ್ಡ ಬೆರಳುಗಳು. ಆ ಮೊದಲ ಭಾನುವಾರದ ಚಹಾದ ನಂತರ ತನ್ನ ಮಣಿಕಟ್ಟಿನ ಮೇಲಿದ್ದಂಥವೇ.

"ಯಾರು, ಬಂಗಾರ? ಅಪ್ಪನಾ?"

ತೊಮ್ಕೆ ಕಿವಿಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಳು.

ತೆರೆದಿದ್ದ ಹಿತ್ತಲಿನ ಗೇಟು ಗಾಳಿಗೆ ಕಿರುಗುಟ್ಟಿದ ಸದ್ದು ಕೇಳಿ ಎತೆರಿ ತಿರುಗಿದಳು. ಯಾರೂ ಇರಲಿಲ್ಲ. ಮಗು ಶಿಶುವಿಹಾರದಲ್ಲಿ ಮರೆತಿದ್ದ ಟೋಪಿ ಮಾತ್ರ ಕಂಬಕ್ಕೆ ತೂಗುತ್ತಿತ್ತು.

ಟೋಪಿ ಕೊಡಲು ಬಂದಿದ್ದ ಐಲರ್ಟ್ ಎತ್ತಿದ ಕೈ ನೋಡಿದ್ದ. ಕಿವಿ ಮುಚ್ಚಿ ಕೂತ ಮಗುವನ್ನು ನೋಡಿದ್ದ. ಎದೆಗೆ ಯಾರೋ ಒದ್ದಂತಾಗಿ ಅಲ್ಲಿಂದಲೇ ತಿರುಗಿದ್ದ. ಅದರ ಮುಂದಿನ ಕ್ಷಣವನ್ನು ಅವನು ನೋಡಿರಲಿಲ್ಲ.

ಮರುದಿನ ಆಟದ ಬಟ್ಟೆ ಬದಲಿಸುವಾಗ ಅವನ ಕಣ್ಣಿಗೆ ನೀಲಿ ಗುರುತೂ ಬಿತ್ತು.

"ಇದು ಯಾರು ಮಾಡಿದ್ದು, ತೊಮ್ಕೆ?"

ಆ ಬೆಳಿಗ್ಗೆ ಕಾರಿನಲ್ಲಿ ಅಪ್ಪ ಹೇಳಿಕೊಟ್ಟಿದ್ದ ಮಾತನ್ನು ಮಗು ಒಪ್ಪಿಸಿತು.

"ಎತೆರಿ."

* * *

ಮೂರನೇ ದಿನ ಮಕ್ಕಳ ರಕ್ಷಣಾ ಕಚೇರಿಯ ಹೆಂಗಸು ಮನೆಗೆ ಬಂದಳು. ಮೆನ್ನೊ ತಾನೇ ಚಹಾ ಮಾಡಿ ಕೊಟ್ಟ. ಹಿಲ್ಕೆಯ ಹೆಗಲ ಮೇಲೆ ಕೈ ಇಟ್ಟು, ತಲೆ ತಗ್ಗಿಸಿ ನಿಂತ.

"ನಂಬಿ ಮನೆಯೊಳಗೆ ಬಿಟ್ಕೊಂಡ್ವಿ ಮೇಡಂ. ಮಗು ಥರ ನೋಡ್ಕೊಂಡ್ವಿ. ಹೀಗಾಗುತ್ತೆ ಅಂತ ಯಾರಿಗೆ ಗೊತ್ತು?"

"ನಾನು ಹೊಡೆದಿಲ್ಲ!" ಎತೆರಿಯ ದನಿ ಒಡೆಯಿತು. "ಇವರು... ಮೆನ್ನೊ..."

ಹೆಗಲ ಮೇಲಿದ್ದ ಬೆರಳುಗಳು ಬಿಗಿಯಾದವು.

"ನನ್ನ ಗಂಡ ಹಾಗಲ್ಲ," ಎಂದಳು ಹಿಲ್ಕೆ. ಕಣ್ಣು ನೆಲದ ಮೇಲಿತ್ತು.

ಹೆಂಗಸು ಕಾಗದ ತಿರುವಿದಳು. "ಪ್ರತ್ಯಕ್ಷ ನೋಡಿದವರಿದ್ದಾರೆ. ಮಗುವಿನ ಶಿಕ್ಷಕರೇ ಬರೆದುಕೊಟ್ಟಿದ್ದಾರೆ."

ಆ ಹೆಸರು ಓದಿದಾಗ ಎತೆರಿಗೆ ಹಣೆಗೆ ಬಿದ್ದ ಕಲ್ಲು ಏನೂ ಅಲ್ಲ ಎನಿಸಿತು.

ಅವಳು ಕೋಟೂ ಹಾಕಿಕೊಳ್ಳದೆ ಶಿಶುವಿಹಾರದವರೆಗೆ ಓಡಿದಳು. ಐಲರ್ಟ್ ಗೇಟಿಗೆ ಬೀಗ ಹಾಕುತ್ತಿದ್ದ.

"ನನ್ನ ಹೆಸರು ಬರೆದ್ರಾ?"

ಅವನ ಮುಖ ಸುಣ್ಣವಾಯಿತು. "ಬರೀಲೇಬೇಕಿತ್ತು. ಅದು ನನ್ನ ಕೆಲಸ. ಕೈ ಎತ್ತಿದ್ದನ್ನ ನಾನೇ ನೋಡ್ದೆ ಎತೆರಿ. ಈ ಕಣ್ಣಾರೆ!"

"ಹೌದು, ಎತ್ತಿದೆ. ಇಳಿಸಿದ್ದು ನೋಡ್ಲಿಲ್ವಾ?"

ಅವನು ಮತ್ತೆ ಬೀಗದ ಕಡೆ ತಿರುಗಿದ.

"ಅವಳು ಹೇಗೆ ಕೂತ್ಲು ಅಂತ ನೋಡಿದ್ರಲ್ಲ? ಹಾಗೆ ಕೂರೋಕೆ ಎರಡು ತಿಂಗಳಲ್ಲಿ ಕಲಿಯಲ್ಲ ಮಕ್ಕಳು! ಅವಳಿಗೆ ಅದನ್ನ ಕಲಿಸಿದ್ದು ಮೆನ್ನೊ. ಹಿಲ್ಕೆ ತೋಳು ಯಾಕೆ ಮುಚ್ಕೊಂಡಿರ್ತಾರೆ ಅಂತ ಒಂದಿನ ಕೇಳಿದೀರಾ?"

"ಮೆನ್ನೊನಾ?" ಅವನು ತಲೆ ಅಲ್ಲಾಡಿಸಿದ. "ನಂಗೆ ಹದಿನಾರು ವರ್ಷ ಇದ್ದಾಗ ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಬಿತ್ತು. ಒಳಗೆ ನಾನಿದ್ದೆ. ಇಡೀ ಊರು ಹೊರಗೆ ನಿಂತಿತ್ತು. ಒಳಗೆ ನುಗ್ಗಿದವನು ಮೆನ್ನೊ ಒಬ್ಬನೇ. ಅವನು ಅಂಥವನಲ್ಲ. ಆಗೋಕೇ ಸಾಧ್ಯವಿಲ್ಲ!"

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಐಲರ್ಟ್... ಒಂದೇ ಒಂದು ಮಾತು."

ಅವಳು ಮೆಲ್ಲಗೆ ತಿರುಗಿ ನಡೆದಳು. ಗಾಳಿ ಎದುರಿನಿಂದ ಬಡಿಯುತ್ತಿತ್ತು. ಕಣ್ಣೀರು ಕಿವಿಯ ಕಡೆಗೆ ಹರಿಯಿತು.

ಶನಿವಾರದೊಳಗೆ ಮನೆ ಬಿಡಬೇಕು ಎಂದು ಮೆನ್ನೊ ಹೇಳಿದ.

* * *

ಶುಕ್ರವಾರ ಮಧ್ಯಾಹ್ನ ಎತೆರಿ ಸೂಟ್‌ಕೇಸು ಮುಚ್ಚುತ್ತಿದ್ದಾಗ ಹಿಲ್ಕೆ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ತೊಮ್ಕೆ ಅಮ್ಮನ ಅಂಗಿ ಹಿಡಿದಿದ್ದಳು.

"ನಿನ್ನೆ ಮೆನ್ನೊ ಇವಳ ತಲೆಯನ್ನ ಗೋಡೆಗೆ ಬಡಿದ," ಎಂದಳು ಹಿಲ್ಕೆ. ಮೊದಲ ಸಲ ಅವಳ ಕಣ್ಣು ಎತೆರಿಯ ಕಣ್ಣನ್ನು ನೋಡಿತು. "ನನಗೆ ಹೊಡೆದ್ರೆ ತಡ್ಕೋಬಹುದು ಅಂದ್ಕೊಂಡಿದ್ದೆ. ತಡ್ಕೊಂಡಿದ್ದೇ ತಪ್ಪಾಯ್ತು. ಆ ಕಚೇರಿಯವಳ ನಂಬರ್ ಇದ್ಯಾ? ನಾನೇ ಹೇಳ್ತೀನಿ... ಎಲ್ಲಾ ಹೇಳ್ತೀನಿ."

"ಬನ್ನಿ, ಅಡುಗೆಮನೆಯಲ್ಲಿದೆ ಕಾಗದ."

ಮೂವರೂ ಕೆಳಗಿಳಿದರು. ಎತೆರಿ ಫೋನು ಕೈಗೆ ತೆಗೆದುಕೊಂಡಳು.

ಹಿಂದೆ ಬಾಗಿಲ ಚಿಲಕ ಬಿದ್ದ ಸದ್ದು.

"ಯಾರಿಗೆ ಫೋನು?" ಮೆನ್ನೊ ನಗುತ್ತಿದ್ದ. "ನಂಗೂ ಹೇಳಿ, ನಾನೂ ಮಾತಾಡ್ತೀನಿ."

ಯಾರಿಗೂ ಉಸಿರೆಳೆಯಲು ಪುರುಸೊತ್ತಾಗಲಿಲ್ಲ. ಅವನು ಮೂರೇ ಹೆಜ್ಜೆಯಲ್ಲಿ ಬಂದು ಹಿಲ್ಕೆಯ ಕೂದಲು ಹಿಡಿದು ಮುಖವನ್ನು ಬಟ್ಟಲುಗಳ ಗಾಜಿನ ಕಪಾಟಿಗೆ ಬಡಿದ. ಗಾಜು ಪುಡಿಯಾಯಿತು. ಇನ್ನೊಮ್ಮೆ ಬಡಿದ. ಅವಳ ಬಾಯಿಂದ ರಕ್ತ ಗೋಡೆಗೆ ಚಿಮ್ಮಿತು.

ತೊಮ್ಕೆ ಕುಕ್ಕರುಗಾಲಲ್ಲಿ ಕೂತು ಕಿವಿ ಮುಚ್ಚಿಕೊಂಡಳು.

"ಏಳು!" ಎತೆರಿ ಚೀರಿದಳು. ಮಗುವನ್ನು ಎತ್ತಿ ಕಿಟಕಿಯ ಕಟ್ಟೆಗೆ ಇಟ್ಟು, ಕಿಟಕಿ ತೆರೆದು, ಹೊರಗಿನ ಹುಲ್ಲಿಗೆ ಇಳಿಸಿಬಿಟ್ಟಳು. "ಓಡು ತೊಮ್ಕೆ! ಓಡು! ನಿಜ ಹೇಳು!"

ಮೆನ್ನೊ ಅವಳ ಕೈ ಹಿಡಿದು ಹಿಂದಕ್ಕೆ ತಿರುಚಿದ. ಒಣಕಡ್ಡಿ ಮುರಿದಂತೆ ಸದ್ದಾಯಿತು. ಕಣ್ಣು ಕತ್ತಲಿಟ್ಟಿತು. ಅವಳು ಒಲೆಯ ಬಳಿ ಬಿದ್ದಳು. ಅವನ ಬೂಟು ಪಕ್ಕೆಗೆ ಬಿತ್ತು. ಮತ್ತೊಮ್ಮೆ ಬಿತ್ತು.

"ಕಲಕಬೇಡ ಅಂದಿದ್ದೆ ತಾನೇ ನಿಂಗೆ? ಅವತ್ತೇ ಅಂದಿದ್ದೆ!"

ಅವನು ಮತ್ತೆ ಹಿಲ್ಕೆಯ ಕಡೆ ತಿರುಗಿದ. ಅವಳ ಕುತ್ತಿಗೆಗೆ ಎರಡೂ ಕೈ ಹಾಕಿದ. ಹಿಲ್ಕೆಯ ಕಾಲುಗಳು ನೆಲವನ್ನು ಒದ್ದವು. ಮೆಲ್ಲಗೆ ಒದ್ದವು. ಆಮೇಲೆ ಒದೆಯುವುದೂ ನಿಂತಿತು.

ಸಾಯಿಸ್ತಾನೆ... ಇವತ್ತು ಸಾಯಿಸೇಬಿಡ್ತಾನೆ!

ಎಡಗೈಗೆ ಒಲೆಯ ಮೇಲಿನ ಎರಕದ ಬಾಣಲೆ ಸಿಕ್ಕಿತು. ಎತೆರಿ ಎದ್ದಳು. ಮೊದಲ ಏಟು ಅವನ ಮಂಡಿಯ ಹಿಂದಕ್ಕೆ. ಅವನು ಅರಚುತ್ತ ಕುಸಿದ. ಎರಡನೇ ಏಟು ಹೆಗಲಿಗೆ, ಮೂಳೆ ಮುರಿದದ್ದು ಅವಳ ಕೈಗೇ ತಿಳಿಯಿತು. ಹಿಲ್ಕೆ ಕೆಮ್ಮುತ್ತ, ತೆವಳುತ್ತ ಗೋಡೆಗೆ ಸರಿದಳು. ಜೀವ ಇತ್ತು.

ಎತೆರಿ ಅವಳ ಮುಂದೆ ಅಡ್ಡ ನಿಂತು ಬಾಣಲೆ ಎತ್ತಿ ಹಿಡಿದಳು. ತನ್ನೂರಿನ ಭಾಷೆಯಲ್ಲಿ ಕಿರುಚಿದಳು. ಏನು ಕಿರುಚಿದಳೆಂದು ಅವಳಿಗೇ ನೆನಪಿಲ್ಲ.

ಆ ಹೊತ್ತಿಗೆ ತೊಮ್ಕೆ ಬರಿಗಾಲಲ್ಲಿ ಊರಿನ ಬೀದಿ ಓಡಿ ಮುಗಿಸಿದ್ದಳು. ಶಿಶುವಿಹಾರದ ಬಾಗಿಲಲ್ಲಿ ಐಲರ್ಟ್‌ನ ಕಾಲನ್ನು ಅಪ್ಪಿ ಒಂದೇ ಉಸಿರಿಗೆ ಹೇಳಿದ್ದಳು.

"ಎತೆರಿ ಹೊಡೀಲಿಲ್ಲ! ಅಪ್ಪ ಹೊಡೆದಿದ್ದು! ಹಾಗೆ ಹೇಳು ಅಂತ ಅಪ್ಪನೇ ಹೇಳಿದ್ದು! ಈಗ ಅಮ್ಮನಿಗೆ ರಕ್ತ ಬರ್ತಿದೆ!"

ಐಲರ್ಟ್ ಪೊಲೀಸರಿಗೆ ಫೋನು ಮಾಡುತ್ತಲೇ ಓಡಿ ಬಂದು, ತೆರೆದ ಕಿಟಕಿಯಿಂದಲೇ ಒಳಗೆ ಹಾರಿದ. ನೆಲದ ತುಂಬ ಗಾಜು. ಗುರುತು ಸಿಗದಂತಾಗಿದ್ದ ಹಿಲ್ಕೆಯ ಮುಖ. ಒಂದು ಕೈ ಜೋತುಬಿದ್ದ, ಇನ್ನೊಂದರಲ್ಲಿ ಬಾಣಲೆ ಹಿಡಿದ ಎತೆರಿ.

"ಐಲರ್ಟ್!" ಮೆನ್ನೊ ನೆಲದಿಂದ ಕೈ ಚಾಚಿದ. "ಬಂದ್ಯಾ ದೋಸ್ತ್! ಈ ಹುಚ್ಚಿ ನಮ್ಮಿಬ್ಬರನ್ನೂ ಬಡಿದು ಹಾಕಿದ್ಲು ಕಣೋ! ಎಬ್ಬಿಸು ನನ್ನ!"

ಆ ಕೈ ಒಮ್ಮೆ ಅವನನ್ನು ಬೆಂಕಿಯಿಂದ ಎಳೆದಿತ್ತು. ಐಲರ್ಟ್ ಅದನ್ನು ನೋಡಿದ. ಹಿಡಿಯಲಿಲ್ಲ.

"ಒಂದು ಪ್ರಾಣ ಉಳಿಸಿದ್ದಕ್ಕೆ ಇನ್ನೊಂದನ್ನ ತೆಗೀಬಹುದು ಅಂದ್ಕೊಂಡ್ಯಾ ಮೆನ್ನೊ?"

ಮೆನ್ನೊ ಒಡೆದ ಗಾಜು ಹಿಡಿದು ಮೇಲೇಳಲು ನೋಡಿದ. ತಡೆಯಲು ಹೋದ ಐಲರ್ಟ್‌ನ ಅಂಗೈ ಸೀಳಿತು. ಆದರೂ ಆ ದೊಡ್ಡ ಆಳು ತಿರುಗಿ ಹೊಡೆಯಲಿಲ್ಲ. ಅವನನ್ನು ಬೋರಲು ಹಾಕಿ, ಬೆನ್ನ ಮೇಲೆ ಕೂತುಬಿಟ್ಟ. ಪೊಲೀಸರು ಬರುವವರೆಗೆ ಹಾಗೇ ಕೂತಿದ್ದ. ಅವನ ಕೆನ್ನೆಯ ಮೇಲೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

* * *

ಆಸ್ಪತ್ರೆಯಲ್ಲಿ ಎತೆರಿಯ ಕೈಗೆ ಪ್ಲಾಸ್ಟರ್ ಹಾಕಿದರು. ಎರಡು ಪಕ್ಕೆಲುಬು ಬಿರಿದಿದ್ದವು. ಮರುದಿನ ಬೆಳಿಗ್ಗೆ ಐಲರ್ಟ್ ಬಂದ. ಅಂಗೈಗೆ ಪಟ್ಟಿ ಸುತ್ತಿತ್ತು.

"ಎತೆರಿ... ನಾನು ನಿಮ್ಮನ್ನ ನಂಬ್ತೀನಿ."

ಅವಳು ಕಿಟಕಿಯ ಹೊರಗೆ ನೋಡಿದಳು.

"ನೋಡಿದ ಮೇಲೆ ಎಲ್ಲರೂ ನಂಬ್ತಾರೆ ಐಲರ್ಟ್. ನೋಡೋಕೆ ಮುಂಚೆ ಒಬ್ಬರಾದ್ರೂ ನಂಬ್ಲಿ ಅಂತ ಇತ್ತು ನಂಗೆ. ಆ ಒಬ್ಬರು ನೀವು ಅಂದ್ಕೊಂಡಿದ್ದೆ."

"ಏನು ಮಾಡ್ಲಿ ನಾನು? ಹೇಳಿ, ಮಾಡ್ತೀನಿ."

"ಹೋಗಿ. ಹುಡುಕ್ಬೇಡಿ. ಬರೀಬೇಡಿ."

ಅವನು ಹೋದ. ಬಾಗಿಲು ಮುಚ್ಚಿದ ಮೇಲೆ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅತ್ತಾಗ ಪಕ್ಕೆಲುಬು ಚುಚ್ಚಿತು. ಚುಚ್ಚಿದ್ದಕ್ಕೆ ಇನ್ನೂ ಅತ್ತಳು.

ಹಿಲ್ಕೆ, ತೊಮ್ಕೆ ಬೇರೆ ಊರಿನ ಆಶ್ರಯಧಾಮಕ್ಕೆ ಹೋದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಎತೆರಿಗೆ ಹಿಲ್ಕೆ ಇದ್ದ ಆ ಊರಿನಲ್ಲೇ ಇನ್ನೊಂದು ಮನೆ ಸಿಕ್ಕಿತು. ಅವಳಿ ಮಕ್ಕಳಿದ್ದ ಮನೆ. ಅಲ್ಲಿ ಬಾಗಿಲು ಜೋರಾಗಿ ಬಡಿದುಕೊಂಡರೂ ಅವಳ ಮೈ ಬೆವರುತ್ತಿತ್ತು. ಫೋನಿನಲ್ಲಿ ಅಮ್ಮ ಗೋಗರೆದರು.

"ವಾಪಸ್ ಬಂದ್ಬಿಡು ಮಗಳೇ. ಸಾಕು ಆ ದೇಶ!"

"ಬರಲ್ಲಮ್ಮ. ನಾನೇನೂ ತಪ್ಪು ಮಾಡಿಲ್ಲ."

ಐಲರ್ಟ್ ಬರೆಯಲಿಲ್ಲ. ಹುಡುಕಲಿಲ್ಲ. ಅವಳೇ ಹಾಗೆ ಹೇಳಿದ್ದು. ಆದರೂ ಅಂಚೆಯವನು ಬಂದಾಗಲೆಲ್ಲ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು... ಥೂ, ಈ ಮನಸ್ಸಿಗೆ ಮಾನವೇ ಇಲ್ಲವಲ್ಲ!

ಜೂನ್ ತಿಂಗಳಲ್ಲಿ ವಿಚಾರಣೆ ನಡೆಯಿತು. ನ್ಯಾಯಾಲಯದ ಬೆಂಚುಗಳ ತುಂಬ ಊರಿನವರು. ಮೆನ್ನೊ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತಿದ್ದ. ಅವನ ವಕೀಲ ಎತೆರಿಯ ಕಡೆ ಬೆರಳು ಮಾಡಿದ. ಹೊರದೇಶದ ಹುಡುಗಿ, ಮಗುವಿಗೆ ಹೊಡೆದವಳು, ಮನೆ ಬಿಡು ಅಂದಿದ್ದಕ್ಕೆ ಸೇಡು ತೀರಿಸಿಕೊಂಡವಳು... ಶಿಕ್ಷಕರ ಬರಹವೇ ಸಾಕ್ಷಿಯಾಗಿ ಇದೆಯಲ್ಲ!

ಐಲರ್ಟ್‌ನನ್ನು ಕರೆದರು. ಅವನು ಎದ್ದು ನಿಂತಾಗ ಎತೆರಿ ಆ ಮುಖ ನೋಡಿದಳು. ಅವನ ಮೂಗು ಮುರಿದು ಸೊಟ್ಟಗಾಗಿತ್ತು. ಮುಂದಿನ ಒಂದು ಹಲ್ಲು ಇರಲಿಲ್ಲ.

"ಆ ಕಾಗದ ಬರೆದಿದ್ದು ನಾನೇ," ಎಂದ ಅವನು, ಊರಿನವರ ಕಡೆಗೇ ತಿರುಗಿ. "ಕೈ ಎತ್ತಿದ್ದನ್ನ ನೋಡಿ ಓಡಿಹೋದೆ. ಇನ್ನೊಂದು ಗಳಿಗೆ ನಿಂತಿದ್ರೆ ಅದು ಇಳಿದಿದ್ದು ಕಾಣ್ತಿತ್ತು. ಮಗುವಿಗೆ ವರ್ಷಗಳಿಂದ ಏಟು ಬೀಳ್ತಿತ್ತು. ದಿನಾ ನನ್ನ ಕಣ್ಣ ಮುಂದೆನೇ ಇತ್ತು ಆ ಮಗು. ನಾನು ನೋಡ್ಲಿಲ್ಲ, ಯಾಕಂದ್ರೆ ಮೆನ್ನೊ ನನ್ನ ಸ್ನೇಹಿತ. ಬಂದು ಎರಡೇ ತಿಂಗಳಾಗಿದ್ದ ಹುಡುಗಿ ನೋಡಿದ್ಲು. ತಪ್ಪು ಹೆಸರು ಬರೆದವನು ನಾನು. ಅದನ್ನ ಎಲ್ಲರ ಮುಂದೆ ಹೇಳೋಕೆ ಬಂದಿದ್ದೀನಿ."

"ದ್ರೋಹಿ!" ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. "ನಿನ್ನ ಪ್ರಾಣ ಉಳಿಸಿದೋನು ಅವನು!"

"ಹೌದು," ಎಂದ ಐಲರ್ಟ್. "ಅದೂ ನಿಜ. ಇದೂ ನಿಜ."

ಮೆನ್ನೊಗೆ ಜೈಲಾಯಿತು.

ಹೊರಗೆ ಮೆಟ್ಟಿಲ ಮೇಲೆ ತೊಮ್ಕೆ ಎತೆರಿಯ ಕೈ ಹಿಡಿದು ನಿಂತಿದ್ದಳು. ಐಲರ್ಟ್ ದೂರದಲ್ಲೇ ನಿಂತ. ಅವಳೇ ಹತ್ತಿರ ಹೋದಳು.

"ಮೂಗು ಯಾರು ಮುರಿದಿದ್ದು?"

"ಗುಂಡಾಟದ ತಂಡದವರು. ಸಾಕ್ಷಿ ಹೇಳ್ತೀನಿ ಅಂದಿದ್ದಕ್ಕೆ."

"ನೀವು ತಿರುಗಿ ಹೊಡೀಲಿಲ್ವಾ?"

"ಮೂರು ಜನ ಇದ್ರು." ಅವನು ಸೊಟ್ಟಗೆ ನಕ್ಕ. "ಅದೂ ಅಲ್ದೆ, ನಂಗೆ ಒಂದೇ ಕಲೆ ಗೊತ್ತಿರೋದು. ಮೇಲೆ ಕೂರೋದು."

ಎತೆರಿಗೆ ನಗು ಬಂತು. ನಗು ಅರ್ಧಕ್ಕೇ ಅಳುವಾಯಿತು. ಅವನು ಕೈ ಚಾಚಲಿಲ್ಲ, ಹತ್ತಿರ ಬರಲಿಲ್ಲ. ಅವಳು ಅತ್ತು ಮುಗಿಸುವವರೆಗೆ ಸುಮ್ಮನೆ ನಿಂತಿದ್ದ.

"ಸೆಪ್ಟೆಂಬರಿನಿಂದ ನಾನು ನರ್ಸಿಂಗ್ ತರಬೇತಿಗೆ ಸೇರ್ತಿದ್ದೀನಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಹಿಲ್ಕೆ ಸಹಾಯ ಮಾಡಿದ್ರು. ಇನ್ನು ಯಾರ ಮನೆಯಲ್ಲೂ ಇರಲ್ಲ. ನಂದೇ ಒಂದು ಕೋಣೆ ಹಿಡಿದಿದ್ದೀನಿ."

"ಒಳ್ಳೇದು."

"ವಿಳಾಸ ಕೇಳಲ್ವಾ?"

"ನೀವು ಹುಡುಕ್ಬೇಡಿ ಅಂದಿದ್ರಲ್ಲ."

ಅವಳು ನಿಟ್ಟುಸಿರು ಬಿಟ್ಟಳು. ಎಂಥ ಪೆದ್ದ! ಚೀಲದಿಂದ ಪೆನ್ನು ತೆಗೆದು, ಅವನ ಗಾಯದ ಕಲೆಯಿದ್ದ ಅಂಗೈ ಎಳೆದುಕೊಂಡು, ಅದರ ಮೇಲೇ ವಿಳಾಸವನ್ನೂ ಬರಬೇಕಾದ ದಿನವನ್ನೂ ಬರೆದಳು.

* * *

ಸೆಪ್ಟೆಂಬರಿನ ಮೊದಲ ಭಾನುವಾರ, ಬೇಕರಿಯ ಮೇಲಿನ ಆ ಪುಟ್ಟ ಕೋಣೆಯಲ್ಲಿ ಎತೆರಿ ಮೂರು ಸಲ ಮೇಜು ಒರೆಸಿದ್ದಳು. ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿತು. ಬಾಗಿಲ ಬಳಿ ಬಂದು ನಿಂತಿತು. ಬಡಿಯಲಿಲ್ಲ.

ಒಂದು ನಿಮಿಷ ಕಳೆಯಿತು. ಎರಡಾಯಿತು.

ಅವಳೇ ಬಾಗಿಲು ತೆರೆದಳು. ಐಲರ್ಟ್ ತಲೆ ಬಗ್ಗಿಸಿ ನಿಂತಿದ್ದ. ಕೈಯಲ್ಲಿ ತೊಮ್ಕೆ ಬರೆದು ಕಳಿಸಿದ್ದ ಒಂದು ಚಿತ್ರ.

"ಅಲ್ಲೇ ನಿಂತು ಏನು ಮಾಡ್ತಿದ್ದೀರಾ?"

"ಹೇಳೋದನ್ನ ಬಾಯಿಪಾಠ ಮಾಡ್ಕೊಳ್ತಿದ್ದೆ."

"ಹೇಳಿ ಹಾಗಾದ್ರೆ."

ಅವನು ಒಮ್ಮೆ ಗಂಟಲು ಸರಿಮಾಡಿಕೊಂಡ. "ನಿಮ್ಮ ಹಣೆಯಿಂದ ರಕ್ತ ಸುರೀತಿದ್ದಾಗ್ಲೇ ನನ್ನ ಮನಸ್ಸು ಹೋಗಿತ್ತು. ಆಮೇಲೆ ನಾನೇ ಎಲ್ಲ ಹಾಳು ಮಾಡ್ದೆ. ನಾನು ನಿಮ್ಮನ್ನ ಪ್ರೀತಿಸ್ತೀನಿ ಎತೆರಿ. ಇಷ್ಟು ಹೇಳಿ ವಾಪಸ್ ಹೋಗು ಅಂದ್ರೂ ಹೋಗ್ತೀನಿ. ಐದೂವರೆಗೆ ಬಸ್ಸಿದೆ."

"ಬಸ್ಸಿನ ಟೈಮೂ ಬಾಯಿಪಾಠ ಮಾಡಿದ್ರಾ?"

"ಹೆದರಿಕೆ ಆಗಿತ್ತು."

ಎತೆರಿ ಅವನ ಸೊಟ್ಟ ಮೂಗನ್ನು ನೋಡಿದಳು. ಮನೆಯೊಳಗೆ ಬಲವಂತವಾಗಿ ಕಾಲಿಡದ, ಹೊಸ್ತಿಲಾಚೆ ಕಾಯುತ್ತಿರುವ ಆ ದೊಡ್ಡ ಕಾಲುಗಳನ್ನು ನೋಡಿದಳು. ಬಾಗಿಲನ್ನು ಪೂರ್ತಿ ತೆರೆದಳು.

"ಶೂ ಬಿಚ್ಚಿ ಒಳಗೆ ಬಾ."

ಅವನು ಚಕ್ಕನೆ ತಲೆ ಎತ್ತಿದ. "'ಬಾ' ಅಂದ್ರಾ?"

"ಹೂಂ. ನಾನೂ ಪ್ರೀತಿಸ್ತೀನಿ ಕಣೋ. ಬಾಗಿಲು ಹಾಕ್ಕೊಂಡು ಬಾ."

"ಚಿಲಕ?"

"ಬೇಡ," ಎಂದಳು ಎತೆರಿ. "ಸುಮ್ನೆ ಹಾಗೇ ಮುಂದೆ ಮಾಡು, ಸಾಕು."